ನರಕದ ಬೋಧನೆಯನ್ನು ನಂಬುವ ನಾವು ಹೇಗೆ ಬದುಕಬೇಕು? ಮಕ್ಕಳಿಗೆ ಏನು ಹೇಳಬೇಕು?

ಪ್ರಶ್ನೆ: ಸಂಡೆ ಸ್ಕೂಲ್ ಶಿಕ್ಷಕಿ, ಧಾರವಾಡ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನಾನು ಹನ್ನೊಂದು ವರ್ಷಗಳಿಂದ ನಮ್ಮ ಸಭೆಯ ಸಂಡೆ ಸ್ಕೂಲಿನಲ್ಲಿ ಎಂಟರಿಂದ ಹತ್ತು ವರ್ಷದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಕಳೆದ ತಿಂಗಳು ಇಲ್ಲಿ ಮೂರು ದಿನಗಳ ಉಜ್ಜೀವನ ಕೂಟ ನಡೆಯಿತು. ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಎರಡನೆಯ ರಾತ್ರಿ ನರಕದ ಕುರಿತು ಬಹಳ ಹೊತ್ತು ಪ್ರಸಂಗ ಮಾಡಿದರು. ಮಕ್ಕಳೆಲ್ಲ ಮುಂದಿನ ಚಾಪೆಯ ಮೇಲೆ ಕುಳಿತು ಕೇಳುತ್ತಿದ್ದರು.

ಮುಂದಿನ ಭಾನುವಾರ ತರಗತಿಯ ನಡುವೆ ಕರೆಂಟ್ ಹೋದದ್ದರಿಂದ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು, ಬಾಗಿಲ ಬಳಿ ಅಳುತ್ತಿದ್ದ ಚಿಕ್ಕ ಮಗುವನ್ನು ಸಮಾಧಾನಪಡಿಸಲು ಎದ್ದುಹೋಗಿದ್ದೆ. ಹಿಂದಿರುಗಿ ನೋಡಿದಾಗ ಒಂಬತ್ತು ವರ್ಷದ ಹುಡುಗನೊಬ್ಬ ತೋರುಬೆರಳನ್ನು ಜ್ವಾಲೆಗೆ ಒಡ್ಡಿ, ಹಲ್ಲು ಕಚ್ಚಿಕೊಂಡು, ಒಂದು, ಎರಡು, ಮೂರು ಎಂದು ತುಟಿಯಲ್ಲೇ ಎಣಿಸುತ್ತಿದ್ದನು. ಕೈ ಹಿಡಿದೆಳೆದು ಏಕೆ ಹೀಗೆ ಮಾಡಿದೆ ಎಂದು ಕೇಳಿದಾಗ, "ಅಜ್ಜಿಗೆ ಎಷ್ಟು ಉರಿಯುತ್ತಿರಬಹುದು ಅಂತ ನೋಡ್ತಿದ್ದೆ ಟೀಚರ್" ಎಂದನು. ಅವನ ತಾಯಿಯ ತಾಯಿ ಕ್ರೈಸ್ತರಾಗಿರಲಿಲ್ಲ. ಅವನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಈ ವರ್ಷದ ಆರಂಭದಲ್ಲಿ ತೀರಿಕೊಂಡರು.

ಬೆರಳಿಗೆ ತಣ್ಣೀರು ಹಾಕಿದೆ, ಆದರೆ ಅವನಿಗೆ ಉತ್ತರ ಕೊಡಲಾಗಲಿಲ್ಲ. ನರಕವೆಂಬುದೇ ಇಲ್ಲವೆಂದು ಹೇಳಿ ಅವನನ್ನು ಸಂತೈಸಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ, ಏಕೆಂದರೆ ಆ ಮಾತನ್ನು ಆಡಿದವನು ನಮ್ಮ ಕರ್ತನೇ. ಹಾಗೆಂದು ಆ ರಾತ್ರಿ ಕೇಳಿದ್ದನ್ನೇ ಮಗುವಿನ ಮುಂದೆ ಪುನಃ ಹೇಳಲು ನನ್ನ ಬಾಯಿ ಬರುವುದಿಲ್ಲ. ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಈ ಬೋಧನೆಯನ್ನು ಚಿಕ್ಕಂದಿನಿಂದ ನಂಬುತ್ತಾ ಬಂದಿದ್ದರೂ ಅದರಿಂದ ನನ್ನ ದಿನನಿತ್ಯದ ಬದುಕಿನಲ್ಲಿ ಏನು ಬದಲಾಗಿದೆ ಎಂದು ಯೋಚಿಸಿದರೆ ಏನೂ ತೋರುವುದಿಲ್ಲ. ನರಕವನ್ನು ನಿಜವಾಗಿ ನಂಬುವವರು ಹೇಗೆ ಬದುಕಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ನಿವೃತ್ತ ಸಭಾಪಾಲಕರು

ಪ್ರಿಯ ಸಹೋದರಿಯವರೇ, ವಂದನೆಗಳು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸ್ವಲ್ಪ ದೀರ್ಘವಾಗಿ ಬರೆಯಬೇಕಾಗಿದೆ.

ಮೊದಲಿಗೆ ಪದಗಳ ವಿಚಾರ. ಕನ್ನಡದಲ್ಲಿ 'ನರಕ' ಎಂದ ಕೂಡಲೇ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರದ ಬಹುಪಾಲು ಬೈಬಲಿನಿಂದ ಬಂದದ್ದಲ್ಲ. ಕಾಯುವ ಎಣ್ಣೆಯ ಕೊಪ್ಪರಿಗೆ, ಯಮದೂತರು, ಒಂದೊಂದು ಪಾಪಕ್ಕೆ ಒಂದೊಂದು ಶಿಕ್ಷೆ, ಇವೆಲ್ಲ ಪುರಾಣಗಳ ನರಕಕ್ಕೆ ಸೇರಿದವು. ಅಲ್ಲಿಯ ನರಕಕ್ಕೆ ಕೊನೆಯೂ ಉಂಟು: ಪಾಪದ ಫಲ ತೀರಿದ ಮೇಲೆ ಜೀವ ಮತ್ತೆ ಹುಟ್ಟಿಬರುತ್ತದೆ. ಸತ್ಯವೇದವನ್ನು ಕನ್ನಡಕ್ಕೆ ತಂದವರು ಊರಿನಲ್ಲಿ ಚಾಲ್ತಿಯಲ್ಲಿದ್ದ ಪದವನ್ನೇ ತೆಗೆದುಕೊಂಡರು, ಬೇರೆ ದಾರಿ ಅವರಿಗಿರಲಿಲ್ಲ. ಆದರೂ ಅವರು ಒಂದು ಎಚ್ಚರ ವಹಿಸಿದ್ದಾರೆ. ಸತ್ತವರು ಹೋಗುವ ಸ್ಥಳ ಎಂಬ ಅರ್ಥದ ಹೀಬ್ರೂ 'ಷೆಯೋಲ್' ಹಾಗೂ ಗ್ರೀಕ್ 'ಹೇಡೀಸ್' ಪದಗಳಿಗೆ 'ಪಾತಾಳ' ಎಂದೂ, ಯೇಸು ಬಳಸಿದ 'ಗೆಹೆನ್ನ' ಎಂಬ ಪದಕ್ಕೆ 'ನರಕ' ಎಂದೂ ಬರೆದಿದ್ದಾರೆ. ಪ್ರಸಂಗಗಳಲ್ಲಿ ನಾವು ಈ ಎರಡನ್ನೂ ಕಲಸಿಬಿಡುತ್ತೇವೆ.

ಗೆಹೆನ್ನ ಎಂಬುದು ಯೆರೂಸಲೇಮಿನ ದಕ್ಷಿಣದಲ್ಲಿ ಇಂದಿಗೂ ಇರುವ ಹಿನ್ನೋಮ್ ಕಣಿವೆಯ ಹೆಸರು. ಅಲ್ಲಿ ಊರಿನ ಕಸ ಸದಾ ಉರಿಯುತ್ತಿತ್ತು ಎಂದು ನಾವೆಲ್ಲ ಪ್ರಸಂಗಗಳಲ್ಲಿ ಕೇಳಿದ್ದೇವೆ. ನಾನೂ ಇಪ್ಪತ್ತು ವರ್ಷ ಹಾಗೆಯೇ ಹೇಳಿದ್ದೇನೆ. ಆದರೆ ಆ ಮಾತು ಮೊದಲು ಸಿಗುವುದು ಸುಮಾರು 1200ರ ಹೊತ್ತಿನ ಯೆಹೂದಿ ಪಂಡಿತ ದಾವೀದ ಕಿಮ್ಹಿಯ ಬರವಣಿಗೆಯಲ್ಲಿ, ಅಂದರೆ ಯೇಸುವಿನ ಕಾಲಕ್ಕೆ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ. ಹಳೆಯ ಒಡಂಬಡಿಕೆ ಹೇಳುವ ಕಾರಣ ಇದಕ್ಕಿಂತ ಭಯಂಕರವಾದದ್ದು. ಯೆಹೂದದ ಅರಸರಾದ ಆಹಾಜನೂ ಮನಸ್ಸೆಯೂ ಆ ಕಣಿವೆಯಲ್ಲಿ ತಮ್ಮ ಸ್ವಂತ ಮಕ್ಕಳನ್ನು ಬೆಂಕಿಗೆ ಆಹುತಿ ಕೊಟ್ಟರು. ಅರಸ ಯೋಷೀಯನು ಆ ಸ್ಥಳವನ್ನು ಹೊಲೆಮಾಡಿ ಆ ಪದ್ಧತಿಯನ್ನು ನಿಲ್ಲಿಸಿದನು. ಪ್ರವಾದಿ ಯೆರೆಮೀಯನ ಬಾಯಿಂದ ದೇವರು ಆ ಕೃತ್ಯದ ಬಗ್ಗೆ, ಅದನ್ನು ನಾನು ಆಜ್ಞಾಪಿಸಲಿಲ್ಲ, ಅದು ನನ್ನ ಮನಸ್ಸಿಗೂ ಬರಲಿಲ್ಲ ಎನ್ನುತ್ತಾನೆ.

ಸಹೋದರಿ, ಇದನ್ನು ಗಮನಿಸಿ. ದೊಡ್ಡವರು ದೇವರ ಹೆಸರಿನಲ್ಲಿ ಮಕ್ಕಳನ್ನು ಸುಟ್ಟ ಜಾಗವೇ ದೇವರ ಕೋಪಕ್ಕೆ ಹೆಸರಾಯಿತು. ನರಕದ ಬೋಧನೆಯಿಂದಲೇ ಒಂದು ಮಗು ಬೆರಳು ಸುಟ್ಟುಕೊಂಡಿತು ಎಂದು ಓದಿದಾಗ ನನಗೆ ಆ ಕಣಿವೆಯೇ ಕಣ್ಣ ಮುಂದೆ ಬಂತು.

ಎರಡನೆಯದಾಗಿ, ಯೇಸು ಈ ಮಾತನ್ನು ಯಾರಿಗೆ ಹೇಳಿದನು ಎಂಬುದು. ಗೆಹೆನ್ನ ಎಂಬ ಪದ ಹೊಸ ಒಡಂಬಡಿಕೆಯಲ್ಲಿ 12 ಸಲ ಬರುತ್ತದೆ: ಮತ್ತಾಯನಲ್ಲಿ 7, ಮಾರ್ಕನಲ್ಲಿ 3, ಲೂಕನಲ್ಲಿ 1, ಯಾಕೋಬನ ಪತ್ರಿಕೆಯಲ್ಲಿ 1. ಸುವಾರ್ತೆಗಳಲ್ಲಿರುವ ಹನ್ನೊಂದೂ ಯೇಸುವಿನ ಮಾತುಗಳೇ. ಅವುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಎದುರಿಗೆ ಯಾರು ಕುಳಿತಿದ್ದಾರೆಂದು ನೋಡಿ. ಒಂದು ಕಡೆ ಶಿಷ್ಯರು ಕುಳಿತಿದ್ದಾರೆ, ಇನ್ನೊಂದು ಕಡೆ ಯೆಹೂದಿ ಧರ್ಮದ ಮುಂದಾಳುಗಳಾದ ಶಾಸ್ತ್ರಿಗಳೂ ಫರಿಸಾಯರೂ ನಿಂತಿದ್ದಾರೆ. ಅನ್ಯಜನರ ಮುಂದೆ ಆತನು ಒಮ್ಮೆಯೂ ಈ ಪದವನ್ನು ಆಡಲಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರನೂ ಪೌಲನೂ ಹೊರಗಿನವರಿಗೆ ಮಾಡಿದ ಪ್ರಸಂಗಗಳಲ್ಲಿ ನ್ಯಾಯತೀರ್ಪಿನ ಮಾತು ಇದೆ, ಗೆಹೆನ್ನದ ಹೆಸರು ಎಲ್ಲಿಯೂ ಇಲ್ಲ. ಪೌಲನ ಪತ್ರಿಕೆಗಳಲ್ಲಿಯೂ ಇಲ್ಲ.

ಹಾಗಾದರೆ ಒಳಗಿನವರಿಗೆ ಯಾವುದರ ವಿಷಯದಲ್ಲಿ ಈ ಎಚ್ಚರಿಕೆ? ಸಹೋದರನನ್ನು 'ಮೂರ್ಖಾ' ಎಂದು ಬೈಯುವುದು. ಕಣ್ಣಿನಿಂದ ಪಾಪಮಾಡುವುದು. ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವುದು. ಯಾಕೋಬನು ಹೇಳುವುದಂತೂ ನಾಲಿಗೆಯ ಬಗ್ಗೆ: ನಾಲಿಗೆಗೆ ಬೆಂಕಿ ಹತ್ತುವುದು ನರಕದಿಂದಲೇ ಎನ್ನುತ್ತಾನೆ. ನರಕದ ಬೋಧನೆಯಿಂದ ನಿಮ್ಮ ದಿನನಿತ್ಯದ ಬದುಕಿನಲ್ಲಿ ಏನು ಬದಲಾಗಬೇಕು ಎಂದು ಕೇಳಿದ್ದೀರಿ. ಮನೆಯಲ್ಲಿ ಕೆಲಸದವರ ಜೊತೆ ಆಡುವ ಮಾತು, ಸಭೆಯ ಕಮಿಟಿಯಲ್ಲಿ ಒಬ್ಬರನ್ನು ಕುರಿತು ಆಡುವ ಮಾತು ಮೊದಲು ಬದಲಾಗಬೇಕು ಎಂದು ಆ ವಾಕ್ಯಗಳೇ ಹೇಳುತ್ತಿವೆ. ಪಕ್ಕದ ಮನೆಯವರು ಎಲ್ಲಿಗೆ ಹೋಗುತ್ತಾರೆಂದು ಲೆಕ್ಕಹಾಕುವ ಕೆಲಸವನ್ನು ಯೇಸು ನಮಗೆ ಒಪ್ಪಿಸಲಿಲ್ಲ.

ಕಡೆಗೆ ಒಂದು ಸಂಗತಿ, ಮಗುವಿಗೆ ಹೇಳಲು ಉಪಯೋಗವಾದೀತು. ಇದೇ ಹಿನ್ನೋಮ್ ಕಣಿವೆಯ ಇಳಿಜಾರಿನಲ್ಲಿರುವ ಹಳೆಯ ಸಮಾಧಿಯೊಂದರಲ್ಲಿ 1979ರಲ್ಲಿ ಬೆಳ್ಳಿಯ ಎರಡು ಸಣ್ಣ ಸುರುಳಿಗಳು ಸಿಕ್ಕಿದವು. ಅವು ಸುಮಾರು 2,600 ವರ್ಷಗಳಷ್ಟು ಹಳೆಯವು. ಬಿಚ್ಚಿ ಓದಿದಾಗ ಅವುಗಳಲ್ಲಿದ್ದದ್ದು ನಾವು ಪ್ರತಿ ಆರಾಧನೆಯ ಕೊನೆಯಲ್ಲಿ ಕೇಳುವ ಆಶೀರ್ವಚನ: ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ. ಬೈಬಲಿನ ವಾಕ್ಯವಿರುವ ಬರಹಗಳಲ್ಲಿ ಇದುವರೆಗೆ ದೊರೆತಿರುವ ಅತ್ಯಂತ ಹಳೆಯವು ಅವೇ. ನರಕಕ್ಕೆ ಹೆಸರು ಕೊಟ್ಟ ಕಣಿವೆಯ ಅಂಚಿನಲ್ಲಿ ಯಾರೋ ತಮ್ಮವರನ್ನು ಆ ಮಾತಿನೊಂದಿಗೆ ಮಲಗಿಸಿದ್ದರು.

ಉತ್ತರ 2: ಧರ್ಮೋಪದೇಶ ಶಿಕ್ಷಕ, ಮೈಸೂರು

ನಾನು ಕಥೋಲಿಕನು. ನಿಮ್ಮ ಸಭೆಗೂ ನಮ್ಮ ಧರ್ಮಸಭೆಗೂ ಕೆಲವು ವಿಷಯಗಳಲ್ಲಿ ಭೇದವಿದೆ, ಆದರೂ ಈ ಪ್ರಶ್ನೆ ನಮ್ಮ ತರಗತಿಗಳಲ್ಲಿಯೂ ಬರುವುದರಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಗಳಲ್ಲಿ ಸಂಜೆ ಜಪಸರ ಹೇಳುವಾಗ ಪ್ರತಿ ಹತ್ತು ಮಣಿಗಳ ನಂತರ, ಯೇಸುವೇ, ನರಕದ ಬೆಂಕಿಯಿಂದ ನಮ್ಮನ್ನು ರಕ್ಷಿಸಿ ಎಂದು ಪ್ರಾರ್ಥಿಸುತ್ತೇವೆ. 1917ರಲ್ಲಿ ಪೋರ್ಚುಗಲ್ಲಿನ ಫಾತಿಮಾದಲ್ಲಿ ಆದ ಮಾತೆ ಮರಿಯಮ್ಮನ ದರ್ಶನಗಳಿಂದ ಬಂದ ಪ್ರಾರ್ಥನೆ ಅದು. ಅದರ ಮುಂದಿನ ಮಾತಿನಲ್ಲಿ ಎಲ್ಲ ಆತ್ಮಗಳನ್ನೂ, ವಿಶೇಷವಾಗಿ ನಿಮ್ಮ ದಯೆಯ ಅಗತ್ಯ ಹೆಚ್ಚಾಗಿ ಇರುವವರನ್ನು, ಸ್ವರ್ಗಕ್ಕೆ ಕರೆದೊಯ್ಯಿರಿ ಎಂದು ಬೇಡುತ್ತೇವೆ. ನರಕದ ಹೆಸರೆತ್ತಿದ ಉಸಿರಿನಲ್ಲೇ ಎಲ್ಲರಿಗಾಗಿ ಬೇಡಿಕೊಳ್ಳುವುದನ್ನು ನಾನು ನನ್ನ ಅಜ್ಜಿಯ ಪಕ್ಕದಲ್ಲಿ ಮೊಣಕಾಲೂರಿ ಕಲಿತೆ.

1992ರಲ್ಲಿ ಪ್ರಕಟವಾದ ನಮ್ಮ ಧರ್ಮೋಪದೇಶ ಗ್ರಂಥವು ನರಕ ಇದೆಯೆಂದೂ ಅದು ನಿತ್ಯವೆಂದೂ ಸ್ಪಷ್ಟವಾಗಿ ಹೇಳುತ್ತದೆ. ದೇವರಿಂದ ಶಾಶ್ವತವಾಗಿ ಅಗಲಿರುವುದೇ ಅಲ್ಲಿಯ ಮುಖ್ಯ ಶಿಕ್ಷೆ. ಮನುಷ್ಯನು ತಾನಾಗಿ, ಕೊನೆಯವರೆಗೂ ಹಠ ಹಿಡಿದು, ದೇವರ ಪ್ರೀತಿಯ ಹೊರಗೆ ಉಳಿಯುವುದೇ ಆ ಸ್ಥಿತಿ, ದೇವರು ಯಾರನ್ನೂ ಅಲ್ಲಿಗೆಂದು ಮೊದಲೇ ಗೊತ್ತುಮಾಡಿಲ್ಲ. ಎರಡನೆಯ ಜಾನ್ ಪಾಲ್ ಜಗದ್ಗುರುಗಳು (ಪೋಪ್) 1999ರ ಜುಲೈ 28ರಂದು ತಮ್ಮ ಸಾರ್ವಜನಿಕ ಬೋಧನೆಯಲ್ಲಿ, ನರಕವೆಂದರೆ ಒಂದು ಸ್ಥಳ ಎನ್ನುವುದಕ್ಕಿಂತ ಜೀವವೂ ಆನಂದವೂ ಆಗಿರುವ ದೇವರಿಂದ ದೂರವಾದವರ ಸ್ಥಿತಿ ಎಂದು ವಿವರಿಸಿದರು. ಬೆಂಕಿಯ ಚಿತ್ರಗಳನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕೆಂದೂ ಹೇಳಿದರು.

ಇನ್ನೊಂದು ಮಾತು ಬಹಳ ಮುಖ್ಯ. ಧರ್ಮಸಭೆಯು ಸಾವಿರಾರು ಜನರನ್ನು ಸಂತರೆಂದು, ಅಂದರೆ ಸ್ವರ್ಗದಲ್ಲಿದ್ದಾರೆಂದು, ಸಾರಿದೆ. ಆದರೆ ಇಂಥ ಮನುಷ್ಯ ನರಕದಲ್ಲಿದ್ದಾನೆ ಎಂದು ಇಂದಿನವರೆಗೆ ಯಾರೊಬ್ಬರ ಹೆಸರನ್ನೂ ಅಧಿಕೃತವಾಗಿ ಸಾರಿಲ್ಲ. ಎರಡು ಸಾವಿರ ವರ್ಷಗಳ ಧರ್ಮಸಭೆ ಆಡಲು ಹಿಂಜರಿದ ಮಾತನ್ನು ಒಂದು ಮಗುವಿನ ಅಜ್ಜಿಯ ವಿಷಯದಲ್ಲಿ ಯಾವ ಬೋಧಕರೂ ಆಡಬಾರದು. ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದೆ, ಆದರೂ ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ, ಮನಸ್ಸಾಕ್ಷಿಯ ದನಿಯಂತೆ ನಡೆದವರೂ ನಿತ್ಯರಕ್ಷಣೆಯನ್ನು ಪಡೆಯಬಹುದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬರೆದಿಟ್ಟಿದೆ. ನೀವು ಇದನ್ನು ಒಪ್ಪಬೇಕೆಂದಿಲ್ಲ. ನಾನಾಗಿದ್ದರೆ ಆ ಹುಡುಗನ ಜೊತೆ ಕುಳಿತು ಅವನ ಅಜ್ಜಿಯ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೆ.

ಬದುಕಿನ ವಿಷಯಕ್ಕೆ ಬಂದರೆ, ಪ್ರತಿ ರಾತ್ರಿ ಆತ್ಮಶೋಧನೆ, ಆಗಾಗ ಪಾಪನಿವೇದನೆ. ನಾನು ಇದಕ್ಕಿಂತ ಹೆಚ್ಚಿನದೇನೂ ತಿಳಿದವನಲ್ಲ.

ಉತ್ತರ 3: ಮೊದಲ ತಲೆಮಾರಿನ ವಿಶ್ವಾಸಿ, ರಾಯಚೂರು ಜಿಲ್ಲೆ

ಮೇಲಿನ ಇಬ್ಬರ ಮಾತಿನಲ್ಲಿಯೂ ನಾನು ಒಪ್ಪುವ ಸಂಗತಿಗಳಿವೆ. ಆದರೆ ಒಂದು ಕಡೆ ನಿಲ್ಲಬೇಕಾಗಿದೆ.

ಮತ್ತಾಯ 25ರ ಕೊನೆಯ ವಚನದಲ್ಲಿ 'ನಿತ್ಯದಂಡನೆ', 'ನಿತ್ಯಜೀವ' ಎಂಬ ಎರಡು ಮಾತುಗಳು ಅಕ್ಕಪಕ್ಕದಲ್ಲಿವೆ, ಮೂಲದಲ್ಲಿ ಎರಡಕ್ಕೂ ಒಂದೇ ವಿಶೇಷಣ ಇದೆ. ಜೀವ ನಿತ್ಯವಾದರೆ ದಂಡನೆಯೂ ನಿತ್ಯವೇ ಎಂದು ಐದನೆಯ ಶತಮಾನದಲ್ಲಿ ದೈವಶಾಸ್ತ್ರಜ್ಞ ಅಗಸ್ಟೀನನು ವಾದಿಸಿದನು. ನನಗೆ ಆ ವಾದವನ್ನು ದಾಟಲು ಆಗಿಲ್ಲ. ಇದನ್ನು ನಾನು ಹಗುರವಾಗಿ ಬರೆಯುತ್ತಿಲ್ಲ. ನನ್ನ ತಂದೆತಾಯಿ ಇಬ್ಬರೂ ಯೇಸುವನ್ನು ಅರಿಯದೆ ತೀರಿಹೋದರು. ಅವ್ವ ಸಾಯುವ ಹೊತ್ತಿಗೆ ನಾನು ವಿಶ್ವಾಸಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಅವಳಿಗೆ ನಾನು ಸುವಾರ್ತೆ ಹೇಳಿದ್ದು ಹೇಗೆಂದರೆ, ಮನೆಯ ಜಗುಲಿಯ ಮೇಲಿದ್ದ ದೇವರ ಪಟಗಳನ್ನು ತೋರಿಸಿ, ನೀನು ನರಕಕ್ಕೆ ಹೋಗುತ್ತೀ ಎಂದು ಕೂಗಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಯನ್ನು ತೆಗೆದು ನನ್ನ ತಾಟಿಗೆ ಹಾಕಿ, "ನೀ ಉಣ್ಣು ಮಗನೇ" ಎಂದಳು. ನಾನು ಆ ದಿನ ಉಣ್ಣದೆ ಎದ್ದುಹೋದೆ. ನನ್ನ ಜೀವನದಲ್ಲಿ ಕರ್ತನ ಮುಂದೆ ನಾನು ಅತಿ ಹೆಚ್ಚು ಸಲ ಅತ್ತಿರುವುದು ಆ ರೊಟ್ಟಿಗಾಗಿ.

ನಾನು ಬೋಧಿಸಿದ್ದು ಸುಳ್ಳು ಎಂದು ಇಂದಿಗೂ ನಾನು ಹೇಳುವುದಿಲ್ಲ. ಆದರೆ ನಾನು ಅದನ್ನು ನಂಬಿಯೇ ಇರಲಿಲ್ಲ ಎಂದು ಈಗ ತಿಳಿಯುತ್ತದೆ. ನಂಬಿದ್ದರೆ ಕೂಗುತ್ತಿರಲಿಲ್ಲ, ಅವಳ ಕಾಲು ಹಿಡಿಯುತ್ತಿದ್ದೆ. ಪೌಲನು ತನ್ನ ಸ್ವಜನರನ್ನು ನೆನೆದು, ಅವರಿಗಾಗಿ ನಾನೇ ಶಾಪಗ್ರಸ್ತನಾಗಿ ಕ್ರಿಸ್ತನಿಂದ ಅಗಲಿದರೂ ಆಗಲಿ ಎಂದು ಬರೆದನು. ಶಿಲುಬೆಯ ವೈರಿಗಳ ಬಗ್ಗೆ ಬರೆಯುವಾಗಲೂ ಅಳುತ್ತಲೇ ಬರೆಯುತ್ತೇನೆ ಎಂದನು. ಯೇಸು ಯೆರೂಸಲೇಮಿನ ಮೇಲೆ ಬರುವ ನಾಶವನ್ನು ಹೇಳಿದ್ದು ಊರನ್ನು ನೋಡಿ ಕಣ್ಣೀರಿಡುತ್ತಾ.

ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ರಾಬರ್ಟ್ ಮರ್ರಿ ಮೆಕ್‌ಚೇನ್ ಎಂಬ ಯುವ ಸಭಾಪಾಲಕನಿದ್ದನು, 1843ರಲ್ಲಿ 29ನೆಯ ವಯಸ್ಸಿಗೇ ತೀರಿಕೊಂಡನು. ಅವನ ಸ್ನೇಹಿತನಾದ ಆಂಡ್ರೂ ಬೋನರ್ ಒಮ್ಮೆ, ಕಳೆದ ಭಾನುವಾರ ದುಷ್ಟರು ನರಕಕ್ಕೆ ಇಳಿದುಹೋಗುವರೆಂಬ ವಾಕ್ಯದ ಮೇಲೆ ಪ್ರಸಂಗ ಮಾಡಿದೆ ಎಂದಾಗ, ಮೆಕ್‌ಚೇನ್ ಕೇಳಿದ್ದು ಒಂದೇ ಪ್ರಶ್ನೆ: ಅದನ್ನು ಮೃದುವಾದ ಮನಸ್ಸಿನಿಂದ ಬೋಧಿಸಲು ನಿನಗೆ ಸಾಧ್ಯವಾಯಿತೇ? ಆ ಉಜ್ಜೀವನ ಕೂಟದ ರಾತ್ರಿಯ ಬಗ್ಗೆ ಸಹೋದರಿಯವರು ಬರೆದದ್ದನ್ನು ಓದಿ ನಾನು ಈ ಪ್ರಶ್ನೆಯನ್ನೇ ಕೇಳಿಕೊಂಡೆ, ಮೊದಲು ನನ್ನನ್ನೇ.

ಅವ್ವನ ವಿಷಯದಲ್ಲಿ ನನಗೆ ಗೊತ್ತಿರುವುದು ಅಬ್ರಹಾಮನ ಪ್ರಶ್ನೆ ಮಾತ್ರ: ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ನಡಿಸುವುದಿಲ್ಲವೇ? ಅಬ್ರಹಾಮನು ಅದನ್ನು ಕೇಳಿದ್ದು ದುಷ್ಟತನಕ್ಕೆ ಹೆಸರಾದ ಸೊದೋಮ್ ಊರಿನವರ ಪರವಾಗಿ ಎಂಬುದನ್ನು ಮರೆಯಬಾರದು. ನಾನು ಪ್ರತಿ ದಿನ ನನ್ನ ಹಳ್ಳಿಯ ಹನ್ನೆರಡು ಮನೆಗಳ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಆ ಮನೆಗಳವರು ಕರೆದರೆ ಊಟಕ್ಕೆ ಹೋಗುತ್ತೇನೆ. ಕೊಟ್ಟದ್ದನ್ನು ಬಿಡದೆ ಉಣ್ಣುತ್ತೇನೆ.

ಉತ್ತರ 4: ದೈವಶಾಸ್ತ್ರದ ವಿದ್ಯಾರ್ಥಿನಿ

ಮೇಲಿನ ಸಹೋದರರ ಸಾಕ್ಷಿಗೆ ನಾನು ತಲೆಬಾಗುತ್ತೇನೆ. ಒಂದನ್ನು ಮಾತ್ರ ಸೇರಿಸಬೇಕು. ದಂಡನೆ ನಿತ್ಯವೆಂದರೆ ನರಳಾಟ ನಿತ್ಯವೆಂದೇ ಅರ್ಥವೋ, ಅಥವಾ ನಾಶವು ಮತ್ತೆಂದೂ ಬದಲಾಗದು ಎಂದು ಅರ್ಥವೋ ಎಂಬ ಪ್ರಶ್ನೆಯನ್ನು ವಾಕ್ಯವನ್ನು ಗೌರವಿಸುವವರೇ ಎತ್ತಿದ್ದಾರೆ. ಆತ್ಮವನ್ನೂ ದೇಹವನ್ನೂ ನರಕದಲ್ಲಿ 'ನಾಶಮಾಡಬಲ್ಲವನು' ಎಂದು ಮತ್ತಾಯ 10:28 ಹೇಳುತ್ತದೆ, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯು ಬೆಂಕಿಯ ಕೆರೆಯನ್ನು 'ಎರಡನೆಯ ಮರಣ' ಎನ್ನುತ್ತದೆ. ಇಂಗ್ಲೆಂಡಿನ ಜಾನ್ ಸ್ಟಾಟ್ ಅವರಂಥ ಸುವಾರ್ತಾ ಬೋಧಕರು 1988ರಲ್ಲಿ ತಮ್ಮ ಮನಸ್ಸು ಈ ನಾಶದ ಅರ್ಥದ ಕಡೆಗೆ ವಾಲುತ್ತಿದೆ ಎಂದು, ಹಠವಿಲ್ಲದೆ, ಬರೆದರು. ಇನ್ನೊಂದು ತುದಿಯಲ್ಲಿ, ಕೊನೆಗೆ ಎಲ್ಲರೂ ದೇವರ ಬಳಿಗೆ ಮರಳುವರು ಎಂದು ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಗೆನನು ನಿರೀಕ್ಷಿಸಿದನು. 543ರಲ್ಲಿ ಚಕ್ರವರ್ತಿ ಜಸ್ಟೀನಿಯನ್ ಆ ಬೋಧನೆಯನ್ನು ಖಂಡಿಸಿದನು, ಆದರೆ ಆದಿಸಭೆಯ ಗೌರವಾನ್ವಿತ ಬೋಧಕರಲ್ಲಿ ಒಬ್ಬನಾದ ನಿಸ್ಸದ ಗ್ರೆಗೊರಿಯೂ ಹತ್ತಿರಹತ್ತಿರ ಅದನ್ನೇ ಹೇಳಿದ್ದನು.

ಈ ಚರ್ಚೆ ಒಂಬತ್ತು ವರ್ಷದ ಮಗುವಿಗೆ ಬೇಕಾಗಿಲ್ಲ. ತರಗತಿಗೆ ಲೂಕ 16ನೆಯ ಅಧ್ಯಾಯವನ್ನು, ಅಂದರೆ ಐಶ್ವರ್ಯವಂತನೂ ಅವನ ಬಾಗಿಲಲ್ಲಿದ್ದ ಬಡವ ಲಾಜರನೂ ಇರುವ ಯೇಸುವಿನ ಸಾಮ್ಯವನ್ನು, ತೆಗೆದುಕೊಂಡು ಹೋಗಿ ನೋಡಿ. ಆ ಐಶ್ವರ್ಯವಂತನು ಲಾಜರನನ್ನು ಹೊಡೆದನೆಂದಾಗಲಿ ಓಡಿಸಿದನೆಂದಾಗಲಿ ಯೇಸು ಹೇಳುವುದಿಲ್ಲ. ಅವನು ಬಾಗಿಲಲ್ಲಿ ಬಿದ್ದಿದ್ದನು, ಇವನು ದಿನಾಲು ಸುಖವಾಗಿ ಉಂಡನು, ಅಷ್ಟೇ. ಪಾತಾಳದಲ್ಲಿ ಯಾತನೆಪಡುವಾಗ ಅವನು "ಲಾಜರನನ್ನು ಕಳುಹಿಸು" ಎಂದು ಹೆಸರು ಹಿಡಿದು ಕೇಳುತ್ತಾನೆ. ಅಂದರೆ ಬಾಗಿಲಲ್ಲಿ ಬಿದ್ದಿದ್ದವನ ಹೆಸರು ಅವನಿಗೆ ಮೊದಲಿನಿಂದ ಗೊತ್ತಿತ್ತು. ಅಲ್ಲಿಯೂ ಅವನನ್ನು ನೀರು ತರುವ ಆಳೆಂದೇ ಎಣಿಸುತ್ತಾನೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯ ನಗರದಲ್ಲಿ ಬೋಧಕ ಯೋಹಾನ ಕ್ರಿಸೊಸ್ತೊಮನು ಈ ಒಂದೇ ಸಾಮ್ಯದ ಮೇಲೆ ಸಾಲುಸಾಲಾಗಿ ಪ್ರಸಂಗ ಮಾಡಿ, ನಮ್ಮಲ್ಲಿರುವುದನ್ನು ಬಡವರೊಂದಿಗೆ ಹಂಚಿಕೊಳ್ಳದಿರುವುದೇ ಕಳ್ಳತನ ಎಂದು ನಗರದ ಶ್ರೀಮಂತರಿಗೆ ಹೇಳಿದನು.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ನನ್ನ ಹೃದಯಪೂರ್ವಕ ವಂದನೆಗಳು. ರಾಯಚೂರಿನ ಅಣ್ಣನವರಿಗೆ ವಿಶೇಷವಾಗಿ. ನಿಮ್ಮ ಅವ್ವನ ಮಾತನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಹುಡುಗನ ಮನೆಗೆ ಹೋಗಿದ್ದೆ. ಅವನ ತಾಯಿಯ ಎದುರಿಗೆ ಅವನಿಗೆ ಹೀಗೆ ಹೇಳಿದೆ: "ನಿನ್ನ ಅಜ್ಜಿ ಎಲ್ಲಿದ್ದಾರೆಂದು ಆ ಬೋಧಕರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಯೇಸುವಿಗೆ ಗೊತ್ತು. ನಿನ್ನ ಅಜ್ಜಿ ನಿನ್ನನ್ನು ಎಷ್ಟು ಪ್ರೀತಿಸಿದರು ಎಂಬುದೂ ಆತನಿಗೆ ಗೊತ್ತು, ಆತನು ಎಂದೂ ಅನ್ಯಾಯ ಮಾಡುವುದಿಲ್ಲ." ಅಯ್ಯನವರು ಬರೆದ ಬೆಳ್ಳಿಯ ಸುರುಳಿಗಳ ಕಥೆಯನ್ನೂ ಹೇಳಿದೆ. ಅದು ಎಷ್ಟು ದೊಡ್ಡದಿತ್ತು ಎಂದು ಕೇಳಿದನು. ಬೆರಳಿನಷ್ಟು ಎಂದು ಹೇಳಿದಾಗ ತನ್ನ ಬೆರಳನ್ನೇ ನೋಡಿಕೊಂಡನು. ಗುಳ್ಳೆ ಒಣಗಿ ಸಿಪ್ಪೆ ಏಳುತ್ತಿತ್ತು. ಅವನ ತಾಯಿ ಅಳುತ್ತಿದ್ದರು. ಆ ಪ್ರಸಂಗದ ನಂತರ ಅವರೂ ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ಆಗ ತಿಳಿಯಿತು. ದೊಡ್ಡವರಿಗೂ ಇದೇ ಮಾತು ಬೇಕಾಗಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಕಳೆದ ಭಾನುವಾರ ಲಾಜರನ ಪಾಠ ಮಾಡಿದೆ. ನಮ್ಮ ಚರ್ಚಿನ ಗೇಟಿನಲ್ಲಿ ಯಾರಾದರೂ ಕುಳಿತಿರುತ್ತಾರೆಯೇ ಎಂದು ಮಕ್ಕಳನ್ನು ಕೇಳಿದೆ. ಬೇವಿನ ಮರದ ಕೆಳಗೆ ಕೂರುವ ಮುದುಕಿಯ ಬಗ್ಗೆ ಎಲ್ಲರೂ ಒಟ್ಟಿಗೆ ಹೇಳಿದರು, ಆದರೆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಆ ಗೇಟನ್ನು ದಾಟಿದ ನನಗೂ ಗೊತ್ತಿರಲಿಲ್ಲ. ಆರಾಧನೆ ಮುಗಿದ ಮೇಲೆ ಹೋಗಿ ಪಕ್ಕದಲ್ಲಿ ಕುಳಿತು ಕೇಳಿದೆ. ಅವರು ಮೊದಲು ನನ್ನ ಹೆಸರನ್ನು ಕೇಳಿ, ಆಮೇಲೆ ತಮ್ಮ ಹೆಸರನ್ನು ಹೇಳಿದರು.

ಪಾಠದ ಕೊನೆಯಲ್ಲಿ ಆ ಹುಡುಗ ಕೈಯೆತ್ತಿ ಕೇಳಿದ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಐಶ್ವರ್ಯವಂತನ ಮನೆಯಲ್ಲಿ ಇನ್ನೂ ಐದು ಮಂದಿ ಅಣ್ಣತಮ್ಮಂದಿರು ಉಳಿದಿದ್ದರಲ್ಲ, ಅವರನ್ನು ಎಚ್ಚರಿಸಲು ಲಾಜರನನ್ನು ಕಳುಹಿಸು ಎಂದು ಅವನು ಬೇಡಿದನಲ್ಲ, "ಅವರಿಗೆ ಆಮೇಲೆ ಯಾರಾದರೂ ಹೋಗಿ ಹೇಳಿದ್ರಾ ಟೀಚರ್?"